ಕಿವಿರಾಯನ ಗಿಟಾರು, ಹೆಂಡತಿಯ ‘ಆಂ?’

ಕಿವಿ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಮೆಟ್ಟಿಲ ಪಕ್ಕಕ್ಕೆ, ದಪ್ಪ ಬಾಗಿಲಿನ ಒಂದು ಕೋಣೆಯಿದೆ. ಅದರೊಳಗೆ ಇನ್ನೊಂದು ಪುಟ್ಟ ಕೋಣೆ. ಅದರ ಗೋಡೆಗೆಲ್ಲ ತೂತು ತೂತಿನ ಹಲಗೆ, ಎರಡಕ್ಕೂ ನಡುವೆ ಒಂದು ಗಾಜು. ಗಾಜಿನ ಆಚೆ ಕಿವಿ ಕೇಳಿಸದವರು ಕೂರುತ್ತಾರೆ, ಈಚೆ ಕಿವಿರಾಯ ಕೂರುತ್ತಾನೆ. ಇಪ್ಪತ್ತೆರಡು ವರ್ಷದಿಂದ ಕೂತಿದ್ದಾನೆ. ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಒಂದಿದೆ, ಆದರೆ ಹಾಜರಿ ಪುಸ್ತಕದ ಹೊರಗೆ ಅದಕ್ಕೆ ಕೆಲಸವಿಲ್ಲ. ಆಯಾಗಳಿಂದ ಹಿಡಿದು ಡಾಕ್ಟರಮ್ಮನವರೆಗೆ ಎಲ್ಲರೂ ಬೆನ್ನ ಹಿಂದೆ ಅವನನ್ನು ಕಿವಿರಾಯ ಅನ್ನುತ್ತಾರೆ. ಅದು ಅವನಿಗೂ ಗೊತ್ತು. ಆಡಿಕೊಳ್ಳುತ್ತಿದ್ದಾರೆ ಎಂದು ಅವನಿಗೆ ಯಾವತ್ತೂ ಅನಿಸಲಿಲ್ಲ, ಬಿರುದು ಕೊಟ್ಟಿದ್ದಾರೆ ಎಂದೇ ತಿಳಿದುಕೊಂಡ.

ಕೆಲಸ ಇಷ್ಟೇ. ಬಂದವರ ತಲೆಗೆ ಹೆಡ್‌ಫೋನು ಹಾಕಬೇಕು, ಕೈಗೆ ಗುಂಡಿ ಕೊಡಬೇಕು, ಈಚೆ ಬಂದು ತಿರುಪು ತಿರುಗಿಸಿ ಒಂದೊಂದೇ ಸದ್ದು ಕಳಿಸಬೇಕು. ಕೇಳಿಸಿದರೆ ಅವರು ಗುಂಡಿ ಒತ್ತುತ್ತಾರೆ, ಇಲ್ಲಿ ದೀಪ ಮಿಣುಕುತ್ತದೆ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಇಂಟು. ಸೊನ್ನೆ, ಇಂಟುಗಳು ಕಾಗದದ ಮೇಲುಗಡೆ ಇದ್ದರೆ ಕಿವಿ ನೆಟ್ಟಗಿದೆ ಎಂದು ಅರ್ಥ, ಕೆಳಗಿಳಿದಷ್ಟೂ ಕಿವುಡು. “ಸಣ್ಣ ಸದ್ದು ಕೇಳಿಸಿದ್ರೂ ಗುಂಡಿ ಒತ್ತಿ. ಕೇಳಿಸ್ದೇ ಇದ್ರೆ ಒತ್ಬೇಡಿ. ಊಹೆ ಮಾಡ್ಬೇಡಿ.” ಈ ಮೂರು ಮಾತನ್ನು ಅವನು ದಿನಕ್ಕೆ ಮೂವತ್ತು ಸಲ, ತಲೆ ಎತ್ತದೆ, ಮುಂದಿನವರ ಚೀಟಿಗೆ ದಿನಾಂಕ ಹಾಕುತ್ತ ಹೇಳುತ್ತಿದ್ದ. ಚೀಟಿಯಲ್ಲಿ ನಂಬರು ಇರುತ್ತದೆ, ಹೆಸರೂ ಇರುತ್ತದೆ. ಅವನು ನಂಬರು ನೋಡುತ್ತಿದ್ದ.

ಮನುಷ್ಯ ಕೆಟ್ಟವನೇನಲ್ಲ. ಕುಡಿತವಿಲ್ಲ, ಜಗಳವಿಲ್ಲ, ಹೆಂಡತಿಯ ಮೇಲೆ ದನಿ ಎತ್ತಿದವನಲ್ಲ. ಇಪ್ಪತ್ತೆರಡು ವರ್ಷ ಬೇರೆಯವರ ಕಿವಿ ಅಳೆದೂ ಅಳೆದೂ, ತನ್ನದೊಂದನ್ನು ಅಳೆಯುವ ಅಗತ್ಯವೇ ಇಲ್ಲ ಎಂಬ ನಂಬಿಕೆ ಅವನಲ್ಲಿ ಬಲವಾಗಿ ಬೇರೂರಿತ್ತು, ಅಷ್ಟೇ.

ಇಂಥವನಿಗೆ ನಲವತ್ತಾರನೇ ವಯಸ್ಸಿನಲ್ಲಿ ಜಾಝ್ ಹಿಡಿಯಿತು. ಆಸ್ಪತ್ರೆಯ ಹಳೆಯ ಮೇಟ್ರನ್ ನಿವೃತ್ತಿಯಾದ ದಿನ ಪಕ್ಕದ ಟೀ ರೂಮಿನಲ್ಲಿ ಎಲ್ಲರಿಗೂ ಚಹಾ ಇಟ್ಟಿದ್ದರು. ಮೂಲೆಯಲ್ಲಿ ಮೂರು ಜನ ನುಡಿಸುತ್ತಿದ್ದರು. ಬಸ್‌ಸ್ಟಾಪಿನ ಎದುರು ವಾಚ್ ರಿಪೇರಿ ಮಾಡುವ ಮುದುಕ ಗಿಟಾರು ಹಿಡಿದಿದ್ದ, ಪುಸ್ತಕಕ್ಕೆ ಬೈಂಡು ಹಾಕುವವನು ಆಳೆತ್ತರದ ಪಿಟೀಲಿನಂಥ ಬೇಸ್ ತಬ್ಬಿಕೊಂಡು ನಿಂತಿದ್ದ, ಒಬ್ಬ ಕ್ಷೌರದವನು ಡ್ರಮ್ಮಿನ ಮೇಲೆ ಬ್ರಷ್ ಆಡಿಸುತ್ತಿದ್ದ. ಹಾಡು ಎಲ್ಲೋ ಶುರುವಾಗಿ ಎಲ್ಲೆಲ್ಲೋ ಅಲೆದು, ಮೂವರೂ ಮೊದಲೇ ಮಾತಾಡಿಕೊಂಡ ಹಾಗೆ ಒಂದೇ ಕಡೆ ಬಂದು ನಿಲ್ಲುತ್ತಿತ್ತು. ಕಿವಿರಾಯ ಬಿಸ್ಕತ್ತು ಕೈಯಲ್ಲಿ ಹಿಡಿದೇ ಹತ್ತಿರ ಹೋದ.

“ಇದು ಯಾವ ಪುಸ್ತಕದಲ್ಲಿದೆ?” ಎಂದು ಕೇಳಿದ.

“ಯಾವ ಪುಸ್ತಕದಲ್ಲೂ ಇಲ್ಲ,” ಅಂದ ಮುದುಕ. “ಆ ಹೊತ್ತಿಗೆ ಏನು ಬರುತ್ತೋ ಅದು. ಪಕ್ಕದವನಿಗೆ ಕಿವಿ ಕೊಟ್ರೆ ಸಾಕು, ಉಳಿದದ್ದು ತಾನಾಗೇ ಬರುತ್ತೆ.”

ಈ ಮಾತಿನಲ್ಲಿ ‘ಪಕ್ಕದವನು’ ಎಂದೊಂದು ಪದವಿತ್ತು. ಕಿವಿರಾಯನಿಗೆ ಅದು ಕೇಳಿಸಲಿಲ್ಲ. ‘ಕಿವಿ’ ಒಂದೇ ಕೇಳಿಸಿತು. ಕಿವಿಯೊಂದೇ ಸಾಕಾದರೆ ಈ ವಿದ್ಯೆ ತನಗಲ್ಲದೆ ಇನ್ನಾರಿಗೆ ಎಂದುಕೊಂಡು ಅದೇ ವಾರ ಗಿಟಾರು ತಂದ.

ಪಾಠ ನಡೆಯುತ್ತಿದ್ದದ್ದು ವಾಚ್ ಅಂಗಡಿಯ ಹಿಂಭಾಗದಲ್ಲಿ. ಗೋಡೆಯ ಮೇಲೆ ರಿಪೇರಿಗೆ ಬಂದ ಹನ್ನೆರಡೋ ಹದಿಮೂರೋ ಗಡಿಯಾರಗಳು, ಒಂದೊಂದರದ್ದೂ ಒಂದೊಂದು ನಡೆ. ಅವುಗಳ ನಡುವೆ ಕೂತು ತಾಳ ಹಿಡಿಯುವುದೇ ಅರ್ಧ ಪಾಠ. ಆ ವಾಚಿನ ಮುದುಕನೇ ಈಗ ಮೇಷ್ಟ್ರು. ಮೊದಲನೇ ದಿನ ಅವರು ಗಿಟಾರು ಎತ್ತಿಕೊಂಡು, “ಮೊದ್ಲು ಕೇಳು,” ಅಂದರು.

“ಕೇಳ್ತೀನಿ ಮೇಷ್ಟ್ರೇ. ಆರು ತಂತಿ ಯಾಕೆ, ಏಳು ಯಾಕಿಲ್ಲ?”

“ಕೇಳು ಅಂದೆ.”

“ಅದೇ ಕೇಳ್ತಿದೀನಲ್ಲ. ಬೇರೆ ತಂತಿಗಳಿಗಿಂತ ಇವೆರಡರ ಮಧ್ಯೆ ಸ್ವರದ ದೂರ ಕಮ್ಮಿ ಇದೆಯಲ್ಲ, ಅದು ಯಾಕೆ?”

“ಅಯ್ಯೋ ಮಹರಾಯ, ಬಾಯಲ್ಲಲ್ಲ! ಕಿವೀಲಿ ಕೇಳು!”

ನಮ್ಮ ಭಾಷೆಯಲ್ಲಿ ಈ ಎರಡಕ್ಕೂ ಒಂದೇ ಮಾತು ಇಟ್ಟವರು, ಕೇಳುವವನು ಉತ್ತರವನ್ನೂ ಕೇಳಿಸಿಕೊಳ್ಳುತ್ತಾನೆ ಎಂದು ನಂಬಿದ್ದಿರಬೇಕು. ಅವರು ಕಿವಿರಾಯನನ್ನು ಕಂಡಿರಲಿಲ್ಲ.

ಎರಡನೇ ವಾರ ಅವನು ಆಸ್ಪತ್ರೆಯ ಟ್ಯೂನಿಂಗ್ ಫೋರ್ಕು ಜೇಬಿಗೆ ಹಾಕಿಕೊಂಡು ಬಂದ. ಎರಡು ಕವಲಿನ ಉಕ್ಕಿನ ಚಮಚದಂಥ ವಸ್ತು ಅದು. ಮೊಣಕಾಲಿಗೆ ಬಡಿದರೆ ಒಂದೇ ಸಮನೆ ನಾದ ಬರುತ್ತದೆ. ರೋಗಿಗಳ ಕಿವಿಯ ಮುಂದೆ ಒಮ್ಮೆ, ಕಿವಿಯ ಹಿಂದಿನ ಎಲುಬಿಗೆ ಒಮ್ಮೆ ಹಿಡಿದು, ಎಲ್ಲಿ ಜೋರಾಗಿ ಕೇಳಿಸುತ್ತದೆ ಎಂದು ವಿಚಾರಿಸುವುದಕ್ಕೆ ಅದು. ಎಲುಬಿನಲ್ಲೇ ಜೋರು ಎಂದರೆ ಒಳಗಿನ ನರ ನೆಟ್ಟಗಿದೆ, ದಾರಿಯಲ್ಲಿ ಏನೋ ಕಟ್ಟಿಕೊಂಡಿದೆ ಎಂದು ಅರ್ಥ. ಕಿವಿರಾಯ ಒಂದು ತಿಂಗಳು ಗಿಟಾರಿನ ಶ್ರುತಿಯನ್ನು ಅದಕ್ಕೇ ಕೂಡಿಸಿದ. ಕಿವಿ ಪರೀಕ್ಷೆಯ ಆ ಫೋರ್ಕಿನ ನಾದ ಸಂಗೀತದವರ ಸ್ವರಕ್ಕಿಂತ ಒಂದು ಕೂದಲೆಳೆ ಕೆಳಗಿರುತ್ತದೆ. ಮೇಷ್ಟ್ರ ಗಿಟಾರಿನ ಜೊತೆ ಕೂತಾಗಲೆಲ್ಲ ಇವನದು ಹಲ್ಲು ನೋವಿನ ಮುಖ ಮಾಡಿಕೊಂಡ ಹಾಗೆ ಕೇಳಿಸುತ್ತಿತ್ತು. ವಿಷಯ ತಿಳಿದ ಮೇಲೆ ಬೈಂಡಿನವನು ಅದಕ್ಕೆ ‘ಆಸ್ಪತ್ರೆ ಶ್ರುತಿ’ ಎಂದು ಹೆಸರಿಟ್ಟ. ಕಿವಿರಾಯ ಮಾತ್ರ, ಫೋರ್ಕು ಸರ್ಕಾರಿ ಪ್ರಮಾಣದ್ದು, ತಪ್ಪಿದ್ದರೆ ಸಂಗೀತದ್ದೇ ಇರಬೇಕು ಎಂದು ವಾದಿಸಿದ. ಫೋರ್ಕನ್ನು ಆಸ್ಪತ್ರೆಗೆ ವಾಪಸ್ಸು ಒಯ್ಯಲಿಲ್ಲ, ಮನೆಯ ಮೇಜಿನ ಮೇಲೇ ಉಳಿಯಿತು.

ಮೇಷ್ಟ್ರ ವಿದ್ಯೆಯಲ್ಲಿ ಎರಡು ಭಾಗ. ಎರಡು ಸ್ವರ ಕೇಳಿ ಅವುಗಳ ನಡುವೆ ಎಷ್ಟು ಮೆಟ್ಟಿಲು ಎಂದು ಕಿವಿಯಿಂದಲೇ ಹಿಡಿಯುವುದು ಒಂದು. ಕೇಳಿದ್ದಕ್ಕೆ ಆ ಕ್ಷಣಕ್ಕೆ ಹೊಳೆದ ಉತ್ತರವನ್ನು ಬಾರಿಸುವುದು ಇನ್ನೊಂದು. ಮೊದಲನೆಯದರಲ್ಲಿ ಕಿವಿರಾಯ ಆರು ತಿಂಗಳಲ್ಲಿ ಪಳಗಿಬಿಟ್ಟ. ಎರಡನೆಯದರ ಹೊತ್ತಿಗೆ ಕೈ ಕಟ್ಟಿ ಕೂರುತ್ತಿದ್ದ. ಮೇಷ್ಟ್ರು ಎರಡು ಸ್ವರ ಮೀಟಿ, “ಇದಕ್ಕೇನಾದ್ರೂ ಹೇಳು,” ಅಂದರೆ, ಇವನು “ಮೈನರ್ ಥರ್ಡ್” ಅನ್ನುತ್ತಿದ್ದ.

“ಅದರ ಹೆಸರು ಕೇಳ್ಲಿಲ್ಲ ಕಣಯ್ಯಾ. ಉತ್ತರ ಕೇಳ್ದೆ. ಯಾರಾದ್ರೂ ಊಟ ಆಯ್ತಾ ಅಂದ್ರೆ, ‘ಇದು ಪ್ರಶ್ನಾರ್ಥಕ ವಾಕ್ಯ’ ಅಂತೀಯಾ?”

ಆದರೆ ಹೆಸರು ಹೇಳುವ ಚಟ ಅಂಟಿಯಾಗಿತ್ತು. ನೂರು ಹಾಳೆಯ ಒಂದು ನೋಟ್‌ಬುಕ್ಕು ಮಾಡಿ, ಕಿವಿಗೆ ಬಿದ್ದದ್ದನ್ನೆಲ್ಲ ಬರೆದಿಡತೊಡಗಿದ. ಬಸ್ಸಿನ ಬಾಗಿಲು ಮುಚ್ಚುವುದು ಮೈನರ್ ಥರ್ಡ್, ಇಳಿಯುವ ಕ್ರಮ. ಪಕ್ಕದ ಮನೆಯ ಗೇಟು ಮೇಜರ್ ಸೆಕೆಂಡ್, ಎಣ್ಣೆ ಹಾಕಿದ ಮೇಲೆ ಏನೂ ಇಲ್ಲ. ಕ್ಯಾಂಟೀನಿನವನು ಚಹಾಕ್ಕೆ ಕೂಗುವುದು ಫಿಫ್ತ್, ಶನಿವಾರ ಸ್ವಲ್ಪ ಕಮ್ಮಿ. ಮೇಲಿನ ಮನೆಯ ಮಗು ಅತ್ತರೆ ಅಯ್ಯೋ ಅನ್ನುವವರ ಮಧ್ಯೆ ಇವನು “ಸಿಕ್ಸ್ತ್” ಅನ್ನುತ್ತಿದ್ದ. ಮಗುವಿನ ತಾಯಿ ಅದನ್ನು ಬೈಗುಳವೆಂದು ತಿಳಿದು ಒಂದು ತಿಂಗಳು ಮಾತು ಬಿಟ್ಟಳು.

ಆ ನೋಟ್‌ಬುಕ್ಕಿನಲ್ಲಿ ಹೆಂಡತಿಗೂ ಒಂದು ಪುಟ ಸಿಕ್ಕಿತು. ಅವಳು ಮಾತಿನ ಮಧ್ಯೆ “ಆಂ?” ಅನ್ನುತ್ತಿದ್ದಳು. ಕೆಳಗಿಂದ ಮೇಲಕ್ಕೆ ಹತ್ತುವ “ಆಂ?”. ಕಿವಿರಾಯ ಅದನ್ನು ತಂತಿಯ ಮೇಲೆ ಹುಡುಕಿ ನೋಡಿದ. ಅಚ್ಚುಕಟ್ಟಾದ ಫೋರ್ತ್, ‘ಸ’ದಿಂದ ‘ಮ’ಕ್ಕೆ ಹಾರಿದಷ್ಟೇ ದೂರ. ಬೇರೆ ಕಡೆ ಹುಡುಕಿಕೊಂಡು ಹೋಗಬೇಕಾದ ಅಭ್ಯಾಸ ಮನೆಯಲ್ಲೇ ಸಿಕ್ಕಿದ್ದಕ್ಕೆ ಹಿಗ್ಗಿ, ದಿನಾಂಕದ ಮುಂದೆ ಎಷ್ಟು ಸಲ ಬಂತೆಂದು ಗೀಟು ಎಳೆಯತೊಡಗಿದ. ಜನವರಿಯಲ್ಲಿ ದಿನಕ್ಕೆ ಎರಡು, ಮೂರು. ಏಪ್ರಿಲ್‌ನಲ್ಲಿ ಆರು. ಆಗಸ್ಟ್ ಹೊತ್ತಿಗೆ ಹನ್ನೊಂದು. ಪುಟದ ಕೊನೆಗೆ, “ಫೋರ್ತ್ ಈಗ ಕಿವಿಯಲ್ಲಿ ಚೆನ್ನಾಗಿ ಕೂತಿದೆ,” ಎಂದು ಬರೆದು ಕೆಳಗೆ ಗೆರೆ ಎಳೆದ.

ಅವಳ ಕಿವಿ ಮಂದವಾಗುತ್ತಿತ್ತು. ಇದನ್ನು ಓದುವವರಿಂದ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮುಚ್ಚಿಡದೆಯೂ ಕಾಣದೆ ಹೋದವನು ಒಬ್ಬನಿದ್ದ, ಅವನು ಸಾಕು. ಬೇಗ ತೋರಿಸಿದರೆ ವಾಸಿಯಾಗುವ ಕಾಯಿಲೆ, ಬಿಟ್ಟರೆ ಒಳಕ್ಕಿಳಿಯುವ ಕಾಯಿಲೆ. ತೋರಿಸಬೇಕಾದ ಜಾಗದಲ್ಲಿ ಗಂಡನೇ ಕೂತಿದ್ದ.

ಅವಳು ಹೊಲಿಗೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಎಂಟು ಮೆಷಿನ್ನು ಏಕಕಾಲಕ್ಕೆ ಗಡಗಡ ಅನ್ನುವ ಜಾಗ. ಆ ಗದ್ದಲದಲ್ಲಿ ಅವಳಿಗೆ ಎಲ್ಲರ ಮಾತೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಮನೆಗೆ ಬಂದು ನಿಶ್ಶಬ್ದದಲ್ಲಿ ಕೂತರೆ ಮಾತ್ರ ಎದುರಿಗಿದ್ದವರ ತುಟಿ ಆಡುವುದು ಕಾಣುತ್ತಿತ್ತು, ಮಾತು ಮುಟ್ಟುತ್ತಿರಲಿಲ್ಲ. ಅವಳ ಸ್ವಂತ ದನಿಯೂ ಮೆಲ್ಲಗಾಗಿತ್ತು, ಯಾಕೆಂದರೆ ಅದೊಂದು ಅವಳ ತಲೆಯೊಳಗೆ ಜೋರಾಗಿ ಮೊಳಗುತ್ತಿತ್ತು. ಗದ್ದಲದಲ್ಲಿ ಕೇಳಿಸುವುದು, ಮೌನದಲ್ಲಿ ಕೇಳಿಸದಿರುವುದು, ಮೆಲ್ಲಗೆ ಮಾತಾಡುವುದು, ಈ ಮೂರೂ ಒಟ್ಟಿಗೆ ಬಂದರೆ ಯಾವ ಕಾಯಿಲೆ ಎಂಬುದು ಕಿವಿರಾಯನ ಕೋಣೆಯ ಗೋಡೆಯ ಮೇಲಿನ ಪಟದಲ್ಲೇ ಅಚ್ಚಾಗಿತ್ತು. ಅದರ ಮೇಲೆ ಅವನು ಕ್ಯಾಲೆಂಡರು ನೇತುಹಾಕಿದ್ದ.

ಮನೆಯಲ್ಲಿ ಅವನ ತೀರ್ಮಾನವೇ ಬೇರೆ. “ಅಂಗಡೀಲಿ ಎಲ್ಲ ಕೇಳಿಸುತ್ತಂತೆ, ನನ್ನ ಗಿಟಾರ್ ಮಾತ್ರ ಕೇಳ್ಸಲ್ವಂತೆ. ಜಾಣಕಿವುಡು,” ಎಂದು ಮೇಷ್ಟ್ರ ಹತ್ತಿರ ದೂರಿದ. ಹೆಂಡತಿಯ ದನಿ ಮೆಲ್ಲಗಾದದ್ದನ್ನು, ತನ್ನ ಅಭ್ಯಾಸಕ್ಕೆ ಕೊಟ್ಟ ಮರ್ಯಾದೆ ಎಂದುಕೊಂಡ. ಅವಳು ಏನೇ ಹೇಳಿದರೂ ತಂತಿಯಿಂದ ಕಣ್ಣು ಕೀಳದೆ “ಹೂಂ” ಅನ್ನುತ್ತಿದ್ದ. ಈ “ಹೂಂ” ಯಾವ ಸ್ವರದಲ್ಲಿದೆ, ದಿನಕ್ಕೆ ಎಷ್ಟು ಸಲ ಬರುತ್ತದೆ ಎಂಬುದಕ್ಕೆ ನೋಟ್‌ಬುಕ್ಕಿನಲ್ಲಿ ಪುಟವಿರಲಿಲ್ಲ.

ಅಂಗಡಿಯ ಯಜಮಾನಿ ಅಳತೆ ತೆಗೆಯುವ ಮೇಜನ್ನು ಮಹಡಿಗೆ ಸಾಗಿಸಿದ ಮೇಲೆ ಕಷ್ಟ ಶುರುವಾಯಿತು. ಮೇಲೆ ಮೆಷಿನ್ನಿಲ್ಲ, ಸದ್ದಿಲ್ಲ. ಯಜಮಾನಿ ಟೇಪು ಹಿಡಿದು ಕೂಗುತ್ತಾಳೆ, ಇವಳು ಚೀಟಿಯಲ್ಲಿ ಬರೆಯುತ್ತಾಳೆ. ಒಂದು ದಿನ ಯಾರೋ ಗುಮಾಸ್ತರ ಪ್ಯಾಂಟಿನ ಒಳಗಾಲಿಗೆ ಯಜಮಾನಿ “ಇಪ್ಪತ್ತೊಂಬತ್ತು” ಅಂದಳು. ಇವಳಿಗೆ “ಇಪ್ಪತ್ತೊಂ” ಎಂಬಲ್ಲಿವರೆಗೆ ಕೇಳಿಸಿತು, ಉಳಿದದ್ದನ್ನು ಊಹಿಸಿ ಇಪ್ಪತ್ತೊಂದು ಎಂದು ಬರೆದಳು. ಕತ್ತರಿ ಹಿಡಿದವನು ಚೀಟಿ ನೋಡುತ್ತಾನೆಯೇ ಹೊರತು ಕಾಲನ್ನಲ್ಲ. ಒಳ್ಳೆಯ ಬೂದುಬಣ್ಣದ ಉಣ್ಣೆ ಬಟ್ಟೆ, ಗುಮಾಸ್ತರ ಮೀನಖಂಡದ ಹತ್ತಿರಕ್ಕೇ ಮುಗಿದುಹೋಯಿತು. ಅವರು ಕನ್ನಡಿ ಮುಂದೆ ನಿಂತಾಗ ಇಡೀ ಅಂಗಡಿ ನಕ್ಕಿತು. ಇವಳು ನಗಲಿಲ್ಲ. ಇನ್ನೊಂದು ಸಲ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಯಜಮಾನಿ ಮೆಷಿನ್ನುಗಳ ಮಧ್ಯೆ ನಿಂತು ಹೇಳಿದ್ದು ಮಾತ್ರ ಅವಳಿಗೆ ಒಂದಕ್ಷರ ಬಿಡದೆ ಕೇಳಿಸಿತು.

ಸಂಜೆ ಗಂಡನಿಗೆ ಹೇಳಿದಳು. “ರೀ, ನಂಗ್ಯಾಕೋ ಕಿವಿ ಸರಿಯಾಗಿ ಕೇಳಿಸ್ತಿಲ್ಲ.”

“ಹೂಂ,” ಅಂದ ಕಿವಿರಾಯ. ಅವನು ಆಗ ಒಂದು ಘನಕಾರ್ಯದಲ್ಲಿದ್ದ. ಬರುವ ಭಾನುವಾರ ಸಂಜೆ ಟೀ ರೂಮಿನಲ್ಲಿ ಮೂವರ ಜೊತೆ ಅವನೂ ಕೂತು ನುಡಿಸಬೇಕೆಂದು ಮೇಷ್ಟ್ರು ಹೇಳಿದ್ದರು. ಹಾಡಿನ ಮಧ್ಯೆ ಹದಿನಾರು ಆವರ್ತ ಪೂರ್ತಿ ಅವನದೇ, ಮನಸ್ಸಿಗೆ ಬಂದದ್ದು ಬಾರಿಸಬಹುದು. ಮನಸ್ಸಿಗೆ ಏನು ಬರಬೇಕೆಂದು ಕಿವಿರಾಯ ಮೂರು ವಾರ ಮೊದಲೇ ಬರೆದು, ತಿದ್ದಿ, ಶುದ್ಧಪ್ರತಿ ಮಾಡಿ, ಬಾಯಿಪಾಠ ಹೊಡೆಯುತ್ತಿದ್ದ. ಎಲ್ಲೆಲ್ಲಿ ತಡವರಿಸಿದಂತೆ ಕಾಣಬೇಕು, ಎಲ್ಲಿ ಕಣ್ಣು ಮುಚ್ಚಬೇಕು ಎಂಬುದಕ್ಕೂ ಗುರುತು ಹಾಕಿದ್ದ.

ಅವಳು ಮೇಜಿನ ಧೂಳು ಒರೆಸುವಾಗ ಫೋರ್ಕು ಕೈಗೆ ಸಿಕ್ಕಿತು. ಮೊಣಕಾಲಿಗೆ ಬಡಿದು ಕಿವಿಯ ಮುಂದೆ ಹಿಡಿದಳು. ಏನೂ ಇಲ್ಲ. ಬುಡವನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದಳು. ನಾದ ತಲೆ ತುಂಬ ತುಂಬಿಕೊಂಡಿತು. ಅವಳಿಗೆ ಕಾಯಿಲೆಯ ಹೆಸರು ಗೊತ್ತಿರಲಿಲ್ಲ, ಆದರೆ ಗಂಡ ಮದುವೆಯಾದ ಹೊಸತರಲ್ಲಿ ಜಂಬದಿಂದ ಇದೇ ಆಟ ತೋರಿಸಿದ್ದು ನೆನಪಿತ್ತು. ಅವಳು ಕುರ್ಚಿಯಲ್ಲಿ ಕೂತು ನೋಟ್‌ಬುಕ್ಕು ಬಿಡಿಸಿದಳು. ತನ್ನ ಪುಟ ಸಿಕ್ಕಿತು. ಗೀಟುಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಿದಳು. ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಮೈಯೆಲ್ಲ ಉರಿಯಿತು. ಅವಳು ಕೂತು ಓದುತ್ತಿದ್ದದ್ದು ಕಿವಿರಾಯನ ಎದುರಿಗೇ, ಎರಡು ಮಾರು ದೂರದಲ್ಲಿ. ಅವನು ಕಣ್ಣು ಮುಚ್ಚುವ ಜಾಗದಲ್ಲಿ ಕಣ್ಣು ಮುಚ್ಚಿಕೊಂಡಿದ್ದ.

ಭಾನುವಾರ ಸ್ನಾನದ ಮನೆಯೊಳಗಿಂದ, “ಸಂಜೆ ಆರಕ್ಕೆ ಟೀ ರೂಮಿಗೆ ಬಾ,” ಎಂದು ಕೂಗಿ ಹೇಳಿದ. ಅವಳಿಗೆ ಕೇಳಿಸಲಿಲ್ಲ, ಬರಲಿಲ್ಲ. ಇವನು ಅದನ್ನು ಉದಾಸೀನವೆಂದು ತಿಳಿದು ಮುಖ ಊದಿಸಿಕೊಂಡೇ ಹೋಗಿ ಕೂತ.

ಟೀ ರೂಮು ತುಂಬಿತ್ತು. ಆವತ್ತು ಹಾಡುವುದಕ್ಕೆ ಒಬ್ಬಳು ಬಂದಿದ್ದಳು. ಶುರು ಮಾಡುವ ಮೊದಲು ಮೇಷ್ಟ್ರು ಮೂವರ ಕಡೆಗೂ ತಿರುಗಿ, “ಇವತ್ತು ಹಾಡೋಳ ಗಂಟ್ಲು ಸರಿಯಿಲ್ಲ, ಶ್ರುತಿ ಎರಡು ಮನೆ ಕೆಳಗೆ ಇಳಿಸಿ,” ಅಂದರು. ಬೈಂಡಿನವನು ತಲೆಯಾಡಿಸಿದ. ಕ್ಷೌರದವನು ನಕ್ಕ, ಅವನ ಡ್ರಮ್ಮಿಗೆ ಮೇಲೂ ಇಲ್ಲ ಕೆಳಗೂ ಇಲ್ಲ. ಕಿವಿರಾಯ ಮನಸ್ಸಿನಲ್ಲೇ ತನ್ನ ಹದಿನಾರು ಆವರ್ತ ಉರು ಹೊಡೆಯುತ್ತಿದ್ದ. “ಹೂಂ” ಅಂದ.

ಹಾಡು ಶುರುವಾಗಿ ಇವನ ಸರದಿ ಬಂತು. ಎಲ್ಲರೂ ಎರಡು ಮನೆ ಕೆಳಗೆ, ಇವನೊಬ್ಬ ಮೇಲೆ. ಮೊದಲ ಸ್ವರಕ್ಕೇ ಮುಂದಿನ ಮೇಜಿನ ಮುದುಕಿ ಚಹಾದ ಕಪ್ಪು ಕೆಳಗಿಟ್ಟಳು. ಎರಡನೇ ಆವರ್ತಕ್ಕೆ ಕಿವಿರಾಯನಿಗೂ ಗೊತ್ತಾಯಿತು. ತಾನು ಎಷ್ಟು ತಪ್ಪಿದ್ದೇನೆ ಎಂಬುದು ಕರಾರುವಾಕ್ಕಾಗಿ ಗೊತ್ತಾಯಿತು. ಮೇಜರ್ ಸೆಕೆಂಡ್. ಹೆಸರು ಹೊಳೆಯಿತು, ಉಪಾಯ ಹೊಳೆಯಲಿಲ್ಲ. ಕೈ ತನ್ನ ಪಾಡಿಗೆ ಬಾಯಿಪಾಠ ಒಪ್ಪಿಸುತ್ತ ಹೋಯಿತು. ಗುರುತು ಹಾಕಿದ ಜಾಗದಲ್ಲಿ ಕಣ್ಣನ್ನೂ ಮುಚ್ಚಿದ. ಆ ಹೊತ್ತಿಗೆ ಟೀ ರೂಮಿನ ಅರ್ಧ ಜನ ಕಿವಿಯನ್ನೇ ಮುಚ್ಚಿಕೊಂಡಿದ್ದರು. ಮೇಷ್ಟ್ರು ಕೊನೆಗೆ ಇವನು ಇದ್ದ ಕಡೆಗೇ ಹಾಡನ್ನು ಎಳೆದುಕೊಂಡು ಹೋಗಿ ಹೇಗೋ ದಡ ಸೇರಿಸಿದರು. ಹಾಡುವವಳು ಕೆಮ್ಮಿ ಕೂತಳು.

“ಮೇಷ್ಟ್ರೇ, ನನ್ನ ಕಿವಿ...” ಅಂದ ಕಿವಿರಾಯ ಆಮೇಲೆ.

“ಕಿವಿಗೇನಾಗಿದೆ, ಚೆನ್ನಾಗೇ ಇದೆ,” ಅಂದರು ಮೇಷ್ಟ್ರು, ತಂತಿ ಸಡಿಲಿಸುತ್ತ. “ಕಿವಿ ಇದ್ದು ಏನ್ ಮಾಡೋದು? ಪಕ್ಕದಲ್ಲಿ ಯಾರಿದಾರೆ ಅಂತ್ಲೇ ನಿಂಗೆ ಗೊತ್ತಿಲ್ಲ.”

ಮಾರನೇ ದಿನ ಅವನು ತಲೆ ಕೆಳಗೆ ಹಾಕಿಯೇ ಕೆಲಸಕ್ಕೆ ಕೂತ. ದಿನವೂ ಹಾಗೇ ಕೂರುತ್ತಿದ್ದದ್ದರಿಂದ ಯಾರಿಗೂ ವ್ಯತ್ಯಾಸ ಕಾಣಲಿಲ್ಲ. ಹದಿನೇಳನೇ ನಂಬರು ಒಳಗೆ ಬಂತು. “ಸಣ್ಣ ಸದ್ದು ಕೇಳಿಸಿದ್ರೂ ಗುಂಡಿ ಒತ್ತಿ, ಕೇಳಿಸ್ದೇ ಇದ್ರೆ ಒತ್ಬೇಡಿ, ಊಹೆ ಮಾಡ್ಬೇಡಿ,” ಎಂದು ಚೀಟಿಗೆ ದಿನಾಂಕ ಹಾಕುತ್ತ ಹೇಳಿದ.

“ಆಂ?” ಅಂದಿತು ಹದಿನೇಳನೇ ನಂಬರು.

ಫೋರ್ತ್, ಎಂದುಕೊಂಡ ಕಿವಿರಾಯ. ಒಳ್ಳೆಯ ಫೋರ್ತ್. ಆಮೇಲೆ ತಲೆ ಎತ್ತಿದ.

ಹೆಂಡತಿ ನಿಂತಿದ್ದಳು. ಅಂಗಡಿಯಿಂದ ಅರ್ಧ ದಿನ ರಜೆ ಹಾಕಿ ಬಂದದ್ದು, ಭುಜದ ಹತ್ತಿರ ಬಟ್ಟೆಗೆ ದಾರ ಪೋಣಿಸಿದ ಸೂಜಿ ಹಾಗೇ ಇತ್ತು. ಡಾಕ್ಟರಮ್ಮನನ್ನು ಕಂಡು, ಅವರು ಬರೆದ ಚೀಟಿ ಹಿಡಿದು, ಎಲ್ಲರ ಜೊತೆ ಬೆಂಚಿನ ಮೇಲೆ ಎರಡು ಗಂಟೆ ಕೂತು ಬಂದಿದ್ದಳು. ಗಂಡನ ಹೆಸರು ಎಲ್ಲೂ ಹೇಳಿರಲಿಲ್ಲ.

“ನೀನ್ಯಾಕೆ ಇಲ್ಲಿ?”

ಅವಳಿಗೆ ಕೇಳಿಸಲಿಲ್ಲವೋ, ಉತ್ತರ ಬೇಡವೆನಿಸಿತೋ, ಒಳಗೆ ಹೋಗಿ ಕೂತಳು. ಅವನು ಹೆಡ್‌ಫೋನು ಹಾಕಿ, ಕೈಗೆ ಗುಂಡಿ ಕೊಟ್ಟು, ಈಚೆ ಬಂದ. ತಿರುಪು ತಿರುಗಿಸಿದ. ಗಾಜಿನ ಆಚೆ ಅವಳು ಕಾಯುತ್ತಿದ್ದಳು. ದೀಪ ಮಿಣುಕಲಿಲ್ಲ. ಇನ್ನಷ್ಟು ಏರಿಸಿದ, ಮಿಣುಕಲಿಲ್ಲ. ಒತ್ತೇ, ಒತ್ತೇ ಮಾರಾಯ್ತಿ, ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಎದುರು ನಿಂತು ಗಟ್ಟಿಯಾಗಿ ಮಾತಾಡುವಷ್ಟು ಜೋರಿಗೆ ಏರಿಸಿದ ಮೇಲೆ ದೀಪ ಒಮ್ಮೆ ಮಿಣುಕಿತು. ಅವಳು ಊಹೆ ಮಾಡಿರಲಿಲ್ಲ. ಕಿವಿರಾಯ ಕೆಂಪು ಸೊನ್ನೆಯನ್ನು ಕಾಗದದ ಮಧ್ಯಕ್ಕೂ ಕೆಳಗೆ ಇಟ್ಟ. ಸೊನ್ನೆ ಸೊಟ್ಟಗಾಯಿತು. ಎಡಗಿವಿಯೂ ಅಷ್ಟೇ. ಆಮೇಲೆ ಕಿವಿಯ ಹಿಂದಿನ ಎಲುಬಿಗೆ ಸಾಧನ ಕಟ್ಟಿ ಸದ್ದು ಕಳಿಸಿದ. ಅತಿ ಸಣ್ಣ ಸದ್ದಿಗೂ ದೀಪ ಪಟಪಟ ಮಿಣುಕಿತು. ನರ ನೆಟ್ಟಗಿದೆ, ದಾರಿ ಕಟ್ಟಿದೆ. ಇದು ಅವನಿಗೆ ಗೊತ್ತಿದ್ದ ಚಿತ್ರ. ಸಾವಿರ ಸಲ ಬರೆದಿದ್ದ. ಅವನಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚು ಹೆದರಿಕೆಯಾಯಿತು.

ಕಾಗದ ಹಿಡಿದು ತಾನೇ ಅವಳ ಜೊತೆ ಡಾಕ್ಟರಮ್ಮನ ಕೋಣೆಗೆ ಹೋದ. ಅವರು ಕಾಗದ ನೋಡಿದರು, ಇವರಿಬ್ಬರನ್ನೂ ನೋಡಿದರು.

“ಇವ್ರು ನಿಮ್ಮ ಮನೆಯವ್ರಾ?”

“ಹೌದು ಮೇಡಂ.”

“ಯಾವಾಗಿಂದ ಹೀಗಿದೆ?”

“ಗೊತ್ತಿಲ್ಲ ಮೇಡಂ. ನಂಗ್ ಗೊತ್ತೇ ಆಗ್ಲಿಲ್ಲ.”

ಹೆಂಡತಿ ಕೈಚೀಲದಿಂದ ನೋಟ್‌ಬುಕ್ಕು ತೆಗೆದು ಮೇಜಿನ ಮೇಲಿಟ್ಟಳು. “ಇವರೇ ಬರೆದಿಟ್ಟಿದಾರೆ ಡಾಕ್ಟ್ರೇ. ಜನವರಿಯಿಂದ ಇದೆ.”

ಡಾಕ್ಟರಮ್ಮ ಕನ್ನಡಕ ಸರಿ ಮಾಡಿಕೊಂಡು ಓದಿದರು. ಪುಟ ತಿರುಗಿಸಿ ಮತ್ತೆ ಓದಿದರು. ದಿನಾಂಕವಾರು, ಒಂದು ದಿನವೂ ತಪ್ಪದೆ, ಕಾಯಿಲೆ ಎರಡರಿಂದ ಹನ್ನೊಂದಕ್ಕೆ ಏರಿದ ಲೆಕ್ಕ. “ಇಷ್ಟು ವರ್ಷದಲ್ಲಿ ಇಂಥ ಕೇಸ್ ಹಿಸ್ಟರಿ ನಾನು ನೋಡಿಲ್ಲ,” ಅಂದರು. “ಯಾವ ರೋಗಿ ಮನೆಯವ್ರೂ ಇಷ್ಟು ಗಮನ ಇಟ್ಟು ಬರೆಯಲ್ಲ. ಅಂದ್ಹಾಗೆ, ‘ಫೋರ್ತ್ ಈಗ ಕಿವಿಯಲ್ಲಿ ಚೆನ್ನಾಗಿ ಕೂತಿದೆ’ ಅಂದ್ರೇನು?”

ಅಷ್ಟೊತ್ತಿಗೆ ಬಾಗಿಲ ಬಳಿ ಇದ್ದ ಆಯಾಗೂ ವಿಷಯ ಅರ್ಥವಾಗಿ, ಅವಳು ಬಾಯಿಗೆ ಸೆರಗು ಅಡ್ಡ ಹಿಡಿದಳು.

ಕಿವಿಯೊಳಗಿನ ಒಂದು ಅಕ್ಕಿಕಾಳಿನಷ್ಟು ಸಣ್ಣ ಎಲುಬು ಅಲ್ಲಾಡದೆ ಅಂಟಿಕೊಂಡಿದೆ, ಆಪರೇಷನ್ ಮಾಡಬಹುದು, ಮೊದಲು ಬಲಗಿವಿ, ಮೂರು ವಾರ ಬಿಟ್ಟು ಬನ್ನಿ ಎಂದರು ಡಾಕ್ಟರಮ್ಮ. ಸಾಮಾನ್ಯವಾಗಿ ಸರಿಹೋಗುತ್ತದೆ, ನೂರಕ್ಕೆ ನೂರು ಎಂದು ಬರೆದುಕೊಡಲಾಗುವುದಿಲ್ಲ. ಇನ್ನೂ ಬಿಟ್ಟಿದ್ದರೆ ನರಕ್ಕೂ ಇಳಿಯುತ್ತಿತ್ತೇನೋ. ಇದನ್ನೆಲ್ಲ ಅವರು ಅವಳ ಕಡೆ ತಿರುಗಿ, ನಿಧಾನವಾಗಿ, ತುಟಿ ಕಾಣುವಂತೆ ಹೇಳಿದರು. ಹಾಗೆ ಹೇಳಬೇಕೆಂದು ಆಸ್ಪತ್ರೆಯಲ್ಲಿ ಎಲ್ಲರಿಗೂ ಕಲಿಸಿಕೊಟ್ಟಿದ್ದವನು ಕಿವಿರಾಯನೇ.

ಸಂಜೆ ಬಸ್ಸು ಇಳಿದು ನಡೆಯುವಾಗ ಅವನು ಅವಳ ಎದುರಿಗೆ ಬಂದು ನಿಂತು, ಬಾಯಿ ಅಗಲಿಸಿ ಕೇಳಿದ. “ಮನೇಲಿ ಯಾಕೆ ಹೇಳ್ಲಿಲ್ಲ ನೀನು?”

“ಮೂರು ಸಲ ಹೇಳ್ದೆ. ಮೂರು ಸಲಾನೂ ಹೂಂ ಅಂದ್ರಿ.” ಅವಳು ಕೋಪದಲ್ಲೂ ಮೆಲ್ಲಗೇ ಮಾತಾಡಿದಳು. “ಆಸ್ಪತ್ರೇಲಾದ್ರೆ ನಂಬರ್ ಬಂದಾಗ ನೋಡ್ತೀರಿ ಅಂತ ಬಂದೆ. ಅಲ್ಲಾರೀ, ಒಂದೊಂದೂ ಎಣಿಸಿದೀರಿ. ಕೂತು ಗೀಟು ಎಳ್ದಿದೀರಿ. ಯಾಕೇ, ಏನಾಯ್ತೇ ಅಂತ ಒಂದ್ ಸಲ ಕೇಳ್ಬೇಕು ಅನ್ನಿಸ್ಲಿಲ್ವಾ?”

ಅವನು ಕೇಳಬೇಕಾದ್ದನ್ನು ಕೇಳಿರಲಿಲ್ಲ, ಯಾವ ಅರ್ಥದಲ್ಲೂ ಕೇಳಿರಲಿಲ್ಲ. ಅವಳು ಅವನ ಪಕ್ಕದಿಂದ ಹಾದು ಮುಂದೆ ನಡೆದಳು. ಎಣ್ಣೆ ಆರಿದ ಪಕ್ಕದ ಮನೆಯ ಗೇಟು ಏನೋ ಸದ್ದು ಮಾಡಿತು. ಅವನು ಅದಕ್ಕೆ ಹೆಸರಿಡಲಿಲ್ಲ.

ಮನೆಗೆ ಬಂದಾಗ ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ಅವಳು ಚಪ್ಪಲಿ ಬಿಟ್ಟು, ಮುಖ ತೊಳೆದು ಬಂದು, ಗಿಟಾರಿನ ಕಡೆ ಕೈ ತೋರಿಸಿದಳು. “ಬಾರಿಸಿ.”

“ಈಗ್ಲಾ?”

“ಒಂದೂವರೆ ವರ್ಷದಿಂದ ನಿಮ್ ಕೈ ಆಡೋದು ನೋಡ್ತಿದೀನಿ. ಏನು ಅಂತ ಒಂದ್ ಸಲ ಕೇಳೇಬಿಡ್ತೀನಿ.” ಅವನು ಕೂತು ಗಿಟಾರು ತೊಡೆಯ ಮೇಲಿಟ್ಟುಕೊಂಡ. ಅವಳು ಪಕ್ಕದಲ್ಲಿ ಕೂತು ಬಗ್ಗಿ, ದವಡೆಯ ಎಲುಬನ್ನು ಗಿಟಾರಿನ ಮರಕ್ಕೆ ಒತ್ತಿ ಹಿಡಿದಳು. ಫೋರ್ಕು ಕಲಿಸಿದ ಪಾಠ ಅದು. ಅಭ್ಯಾಸಬಲದಿಂದ ಅವನ ಕೈ ಆ ಹದಿನಾರು ಆವರ್ತಕ್ಕೇ ಹೊರಟಿತು. ನಾಲ್ಕು ಸ್ವರ ಹೋಗಿ ನಿಂತಿತು. ಅಲ್ಲಿಂದ ಮುಂದೆ ಅವನು ಬರೆದಿಟ್ಟದ್ದು ಯಾವುದೂ ಬರಲಿಲ್ಲ. ಮೆಲ್ಲಗೆ, ತಪ್ಪು ತಪ್ಪಾಗಿ, ಅವಳ ತಲೆಯ ಭಾರ ಮರದ ಮೇಲೆ ಎಷ್ಟಿದೆಯೆಂದು ನೋಡಿಕೊಳ್ಳುತ್ತ, ಒಂದೊಂದೇ ಸ್ವರ ಹುಡುಕಿ ಮೀಟಿದ. ಅವಳ ಹುಬ್ಬು ಏರಿತು. ಕಣ್ಣು ಮುಚ್ಚಿಕೊಂಡಳು.

ಸ್ವಲ್ಪ ಹೊತ್ತಿಗೆ ಅವಳು ಏನೋ ಅಂದಳು. ದನಿ ಬಹಳ ಮೆಲ್ಲಗಿತ್ತು. ಕಿವಿರಾಯನ ಬಾಯಿಗೆ “ಹೂಂ” ಬಂದೇಬಿಟ್ಟಿತ್ತು, ನುಂಗಿಕೊಂಡ. ತಂತಿಗಳ ಮೇಲೆ ಅಂಗೈ ಇಟ್ಟು ಸದ್ದು ನಿಲ್ಲಿಸಿ, ಅವಳ ಕಡೆ ಬಗ್ಗಿದ.

“ಆಂ?” ಅಂದ.

“ಅಷ್ಟೇನೂ ಚೆನ್ನಾಗಿಲ್ಲ ಅಂದೆ,” ಅಂದಳು ಅವಳು, ದವಡೆ ತೆಗೆಯದೆ. “ನಿಲ್ಲಿಸ್ಬೇಡಿ.”